ಕುತ್ತಿಗೆ ತುಂಬ ಸ್ಕಿನ್ ಟ್ಯಾಗ್: ತೆಗೆಸಿದವರು ಅನುಭವ ಹೇಳಿ

ಕೋಲಾರದ ಗೃಹಿಣಿ: ವಯಸ್ಸು 41. ಕುತ್ತಿಗೆ, ಕಂಕುಳಲ್ಲಿ ಸಣ್ಣ ಸಣ್ಣ ಟ್ಯಾಗ್ ಬಂದಿವೆ, ಅದೇ ಚರ್ಮದಿಂದ ಜೋತುಬೀಳುವ ಮೆತ್ತನೆಯ ಗುಳ್ಳೆಗಳು. ನೋವಿಲ್ಲ. ಸರ ಸಿಕ್ಕಿಕೊಂಡರೆ ಉರಿ. ರೆಪ್ಪೆ ಮೇಲೂ ಒಂದಿದೆ. ತೆಗೆಸಲಾ, ಬಿಡಲಾ?

ಬೆಣ್ಣೆದೋಸೆ: ಧೈರ್ಯವಾಗಿ ತೆಗೆಸಿ. ನಾನು ಚರ್ಮದ ಡಾಕ್ಟರ ಹತ್ತಿರ ಸುಡಿಸಿದೆ. ಫೀಸು 700. ಒಂದಕ್ಕೆ 250ರಂತೆ 22 ಟ್ಯಾಗಿಗೆ 5,500. ಮರಗಟ್ಟಿಸುವ ಕ್ರೀಮು 310. ಮುಲಾಮು, ಸನ್‌ಸ್ಕ್ರೀನ್ ಸೇರಿ 860. ಒಟ್ಟು 7,370. ಇನ್ಶೂರೆನ್ಸಿನವರು ಅಂದಕ್ಕೆ ಮಾಡಿಸಿದ್ದು ಅಂತ ಒಂದು ಪೈಸೆ ಕೊಡಲಿಲ್ಲ. ಕಪ್ಪು ಚುಕ್ಕಿ ಮಾಸಲು ತಿಂಗಳುಗಟ್ಟಲೆ ಹಿಡಿಯಿತು. ರೆಪ್ಪೆ ಮೇಲಿದ್ದನ್ನು ಅವರು ಮುಟ್ಟಲೇ ಇಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಬೇರೆ 3,000!

ಅಜ್ಜಿಮದ್ದು: ಹತ್ತು ಸಾವಿರ ಸುರಿದಿರಾ? ನಮ್ಮಮ್ಮ ಕುದುರೆ ಬಾಲದ ಕೂದಲು ಬಿಗಿಯಾಗಿ ಕಟ್ಟಿದರು. ಒಣಗಿ ಉದುರಿತು. ಖರ್ಚು ಸೊನ್ನೆ.

ಹಾಸನದ ಸೊಸೆ: ಮನೆಮದ್ದಿನ ಮಾತೇ ಬೇಡ. ನಮ್ಮತ್ತೆ ಯಾರದೋ ಮಾತು ಕೇಳಿ ಸುಣ್ಣ, ವಾಷಿಂಗ್ ಸೋಡಾ ಕಲಸಿ ಹಚ್ಚಿಕೊಂಡರು. ಟ್ಯಾಗ್ ಹೋಯಿತು, ಸುತ್ತಲಿನ ಚರ್ಮವೂ ಹೋಯಿತು. ಮೊದಲೇ ಶುಗರ್. ಕೀವಾಯಿತು. ದಿನಾ ಡ್ರೆಸ್ಸಿಂಗಿಗೆ 150, ಆಟೋಗೆ 160. ಈಗ ಅಲ್ಲಿ ಉಬ್ಬಿದ ಕಲೆ. ಅದನ್ನು ಇಳಿಸುವ ಇಂಜೆಕ್ಷನ್ ಒಂದಕ್ಕೆ 900. ಆ ಬಿಲ್ಲುಗಳನ್ನು ಕಟ್ಟುತ್ತಿರುವುದು ನಾನು.

ಅಜ್ಜಿಮದ್ದು: ನಾನು ಕೂದಲು ಅಂದೆ ಮೇಡಂ, ಸುಣ್ಣ ಅಂದೆನಾ?

ಹಾಸನದ ಸೊಸೆ: ಕೂದಲು ಕಟ್ಟಿದರೆ ಸೋಂಕಾಗುವುದಿಲ್ಲವಾ? ರೆಪ್ಪೆಗೂ ಕುದುರೆ ಬಾಲ ಕಟ್ಟಿಸ್ತೀರಾ?

ಥೂಜಾ ಅಭಿಮಾನಿ: ಜಗಳ ಬಿಡಿ, ಹೋಮಿಯೋಪತಿಗೆ ಬನ್ನಿ. ಥೂಜಾ ತಗೊಂಡೆ, ತಾವಾಗೇ ಉದುರಿದವು.

ಬೆಣ್ಣೆದೋಸೆ: ಬುಡ ತಿರುಚಿಕೊಂಡು ರಕ್ತ ಹೋಗದಿದ್ದರೆ ಕೆಲವು ತಾವಾಗೇ ಉದುರುತ್ತವೆ ಸ್ವಾಮಿ. ಥೂಜಾಗೆ ಯಾಕೆ ಹಾರ?

ಧಾರವಾಡದ ಮಾಸ್ತರು: ನನ್ನದು ಬೆನ್ನಿನ ಮೇಲಿತ್ತು. ಸುಮ್ನೆ ಬಿಟ್ಟಿದ್ದೆ. ಬಣ್ಣ ಬದಲಾಯಿತು, ಬೇಗ ಬೆಳೆಯಿತು, ಅಂಗಿಗೆ ರಕ್ತ ಅಂಟತೊಡಗಿತು. ಡಾಕ್ಟರು ಸುಡಲು ಒಪ್ಪಲಿಲ್ಲ. ಸುಟ್ಟರೆ ಪರೀಕ್ಷೆಗೆ ಏನು ಉಳಿಯುತ್ತದೆ ಅಂದರು. ಕತ್ತರಿಸಿ ಬಯಾಪ್ಸಿಗೆ ಕಳಿಸಿದರು. 2,800. ಕ್ಯಾನ್ಸರ್ ಅಲ್ಲ ಅಂತ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಮಂಡ್ಯದವನು: ಎಲ್ಲರದೂ ಕೀಳುವ ಮಾತೇ. ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ ಅಲ್ವಾ? ನನ್ನ ಕುತ್ತಿಗೆ ಹಿಂದೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾಗಿತ್ತು. ಸರಿಯಾಗಿ ಉಜ್ಜಿಕೋ ಅಂದವರೇ ಎಲ್ಲ. ಡಾಕ್ಟರು ಟ್ಯಾಗ್ ಮುಟ್ಟುವ ಮೊದಲು ಎಚ್‌ಬಿಎ1ಸಿ ಬರೆದರು, ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ. 450 ರೂಪಾಯಿ. 6.3 ಬಂತು. 5.7ರಿಂದ 6.4 ಗಡಿ, 6.5ಕ್ಕೆ ಶುಗರ್. ಬೊಜ್ಜು, ಇನ್ಸುಲಿನ್ ತೊಂದರೆ ಇದ್ದವರಿಗೆ ಟ್ಯಾಗ್ ಜಾಸ್ತಿಯಂತೆ. ಎರಡು ಮುದ್ದೆ ತಿನ್ನುತ್ತಿದ್ದವನು ಅರ್ಧಕ್ಕೆ ಬಂದಿದ್ದೇನೆ.

ಅಜ್ಜಿಮದ್ದು: ಮುದ್ದೆ ತಿಂದರೆ ಶುಗರ್ ಬರುತ್ತದಾ? ನಮ್ಮಜ್ಜ ಮೂರು ಹೊತ್ತೂ ತಿಂದರು.

ಮಂಡ್ಯದವನು: ನಿಮ್ಮಜ್ಜ ಗದ್ದೆ ಉಳುತ್ತಿದ್ದರು. ನಾನು ಬ್ಯಾಂಕಿನಲ್ಲಿ ಕೂರುತ್ತೇನೆ.

ಥೂಜಾ ಅಭಿಮಾನಿ: ಮುದ್ದೆ ಬಿಟ್ಟು ನವಣೆ ತಿನ್ನಿ.

ಹಾಸನದ ಸೊಸೆ: ನವಣೆ ಕಿಲೋಗೆ ಎಷ್ಟು ಗೊತ್ತಾ ನಿಮಗೆ?