ಆಸ್ಟಿನ್ ಎ30: ಹಿಂದಿನ ಬ್ರೇಕ್ ಸಿಲಿಂಡರ್ ಎಲ್ಲೂ ಸಿಗುತ್ತಿಲ್ಲ, ದಾರಿ ಹೇಳಿ

ಎ30 ಮಾಲೀಕ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1954ರ ಆಸ್ಟಿನ್ ಎ30 ಇದೆ. ಈ ಗಾಡಿಯ ಬ್ರೇಕ್ ಸ್ವಲ್ಪ ವಿಚಿತ್ರ. ಮುಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಹಿಡಿಯುವುದು. ಹಿಂದೆ ಹಾಗಲ್ಲ. ಎರಡು ಚಕ್ರಕ್ಕೂ ಸೇರಿ ಒಂದೇ ಸಿಲಿಂಡರ್, ಅದೂ ಚಕ್ರದೊಳಗೆ ಇಲ್ಲ, ಬಾಡಿಯ ಅಡಿಯಲ್ಲಿದೆ. ಅದರ ಬಲ ರಾಡ್ ಮೂಲಕ ಆಕ್ಸಲ್ ಮೇಲಿನ ಲಿವರ್‌ಗೆ ಹೋಗಿ, ಅಲ್ಲಿಂದ ಎರಡೂ ಕಡೆಗೆ ಹಂಚಿಹೋಗುತ್ತದೆ. ಹ್ಯಾಂಡ್‌ಬ್ರೇಕ್ ಕೂಡ ಅದೇ ರಾಡುಗಳನ್ನು ಬಳಸುತ್ತದೆ.

ಈಗ ಆ ಒಂದೇ ಸಿಲಿಂಡರ್ ಸೋರುತ್ತಿದೆ. ಬಿಚ್ಚಿ ನೋಡಿದೆ. ರಬ್ಬರ್ ಕಪ್ ಓಡಾಡುವ ಜಾಗದಲ್ಲೇ ತುಕ್ಕು ತಿಂದು ಸಣ್ಣ ಸಣ್ಣ ಗುಳಿ ಬಿದ್ದಿವೆ. ಹೊಸ ಕಪ್ ಹಾಕಿದರೂ ನಿಲ್ಲುವುದಿಲ್ಲ ಅಂತ ನನಗೇ ಅನ್ನಿಸುತ್ತಿದೆ. ಮುಂದಿನ ಚಕ್ರದ ಸಿಲಿಂಡರ್‌ಗಳು ಸಿಕ್ಕಿವೆ. ಇದೊಂದು ಮಾತ್ರ ಇಲ್ಲ. ಯಾರನ್ನು ಕೇಳಿದರೂ "ಎ30ಯದ್ದಾ? ಇಲ್ಲ" ಅಂತ ಮುಗಿಸಿಬಿಡುತ್ತಾರೆ.

ಒಬ್ಬರ ಹತ್ತಿರ ಹಳೇ ಸ್ಟಾಕ್, ಪೆಟ್ಟಿಗೆ ಬಿಚ್ಚದ್ದು, ಇದೆಯಂತೆ. ಲೇತ್‌ನವರೊಬ್ಬರು ಒಳಗೆ ಹಿತ್ತಾಳೆ ಸ್ಲೀವ್, ಅಂದರೆ ತೆಳು ಕೊಳವೆ, ಕೂರಿಸಿ ಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಇಡೀ ಹಿಂದಿನ ಬ್ರೇಕನ್ನೇ ಪೂರ್ತಿ ಹೈಡ್ರಾಲಿಕ್ ಮಾಡಿಬಿಡಿ ಅಂತ. ಯಾವುದು ಸರಿ?

ಇನ್ನೊಂದು ಸಣ್ಣ ವಿಷಯ. ಮುಂದಿನ ಬ್ರೇಕ್ ಹೋಸ್ ಹೊಸದು ತಂದೆ. ಪೈಪಿನ ನಟ್ಟು ಅದಕ್ಕೆ ಸಲೀಸಾಗಿ ಹೋಗುತ್ತದೆ, ಆದರೆ ಯಾಕೋ ಸ್ವಲ್ಪ ಲೊಡಲೊಡ ಅನ್ನಿಸುತ್ತದೆ. ಬಿಗಿ ಮಾಡಿದರೆ ಸರಿಹೋಗುತ್ತದಾ?

ಸ್ಪ್ಯಾನರ್ ಸೆಟ್:

ಪೂರ್ತಿ ಹೈಡ್ರಾಲಿಕ್ ಮಾಡುವುದೇ ಒಳ್ಳೆಯದು ಸಾರ್. ಆಸ್ಟಿನ್‌ನವರೇ ಅದನ್ನು ಮಾಡಿದರಲ್ಲ. ಎ40 ಫರೀನಾದ ಮೊದಲ ಮಾಡೆಲ್‌ನಲ್ಲೂ ನಿಮ್ಮ ಥರದ್ದೇ ರಾಡ್ ಬ್ರೇಕ್ ಇತ್ತು. 1961ರಲ್ಲಿ ಬಂದ ಮಾರ್ಕ್ 2ರಲ್ಲಿ ಹಿಂದಕ್ಕೂ ಹೈಡ್ರಾಲಿಕ್ ಕೊಟ್ಟರು. ರಾಡು, ಲಿವರ್ ಎಲ್ಲ ಹಳೇ ಕಾಲದ್ದು. ಆ ರಗಳೆ ಯಾಕೆ ಬೇಕು?

ಲೇತಜ್ಜ:

ಮೊದಲು ಆ ಹೋಸ್ ಪಕ್ಕಕ್ಕಿಡಿ. ಬಿಗಿ ಮಾಡಲೇಬೇಡಿ. ನಿಮ್ಮ ಗಾಡಿಯ ಪೈಪ್ ನಟ್ಟು ಬಹುಶಃ 3/8 ಇಂಚಿನದ್ದು, ಇಂಚಿಗೆ 24 ಸುತ್ತು. ಅಂದರೆ 9.525 ಮಿ.ಮೀ. ನಿಮಗೆ ಕೊಟ್ಟಿರುವ ಹೋಸ್ ಎಂ10 ಇರಬೇಕು, ಅಂದರೆ 10 ಮಿ.ಮೀ., ಸುತ್ತಿನಿಂದ ಸುತ್ತಿಗೆ 1 ಮಿ.ಮೀ. ಇವೆರಡು ಎಷ್ಟು ಹತ್ತಿರ ಅಂದರೆ ಇಂಚಿನ ನಟ್ಟು ಮಿಲಿಮೀಟರ್ ತೂತಿನೊಳಗೆ ಕೈಯಲ್ಲೇ ತಿರುಗಿ ಕೂತುಬಿಡುತ್ತದೆ. ಬಿಗಿಯೂ ಆಗುತ್ತದೆ. ಸೋರದೆಯೂ ಇರಬಹುದು. ಒಂದು ದಿನ ಪೆಡಲ್ ಮೇಲೆ ಜೋರಾಗಿ ಕಾಲಿಟ್ಟಾಗ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಥ್ರೆಡ್ ಗೇಜ್ ಇಲ್ಲದೆ ಬ್ರೇಕ್ ಕೆಲಸಕ್ಕೆ ಕೈ ಹಾಕಬಾರದು ಅನ್ನುವುದು ಇದಕ್ಕೇ. ಹಾಗೆಯೇ ಪೈಪಿನ ತುದಿಯ ಆಕಾರವನ್ನೂ ನೋಡಿ. ಮಡಚಿ ಅಗಲಿಸಿದ 45 ಡಿಗ್ರಿ ತುದಿ ಬೇರೆ, ಗುಬುಟಿನಂತೆ ಉಬ್ಬಿದ ತುದಿ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇನ್ನು ಸಿಲಿಂಡರ್ ವಿಷಯ. ನೀವು ಹುಡುಕುತ್ತಿರುವ ರೀತಿಯೇ ನಿಮಗೆ ಅಡ್ಡ ಬರುತ್ತಿದೆ. ಆಸ್ಟಿನ್‌ನವರು ಬ್ರೇಕ್ ಮಾಡಲಿಲ್ಲ. ಲಾಕ್‌ಹೀಡ್ ಬ್ರೇಕ್ ತಂದು ಹಾಕಿಕೊಂಡರು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಒಂದೋ ಲಾಕ್‌ಹೀಡ್, ಇಲ್ಲಾ ಗರ್ಲಿಂಗ್. ಜರ್ಮನ್ ಗಾಡಿಯಾದರೆ ಆಟೆ. ಫ್ರೆಂಚ್‌ನವು ಕೆಲವು ಬೆಂಡಿಕ್ಸ್. ಬ್ರೇಕ್ ಕಂಪನಿಯವರು ಒಂದೇ ಸಾಮಾನನ್ನು ಹತ್ತಾರು ಗಾಡಿಗಳಿಗೆ ಕೊಡುತ್ತಿದ್ದರು. ಗಾಡಿ ಕಂಪನಿಯ ಪಾರ್ಟ್ ನಂಬರ್ ಒಂದು, ಬ್ರೇಕ್ ಕಂಪನಿಯ ನಂಬರ್ ಇನ್ನೊಂದು. ಹಳೇ ಸಾಮಾನು ಇಟ್ಟುಕೊಂಡವರು ಕಪಾಟಿನಲ್ಲಿ ಎರಡನೆಯ ನಂಬರಿನಲ್ಲಿ ಜೋಡಿಸಿಟ್ಟಿರುತ್ತಾರೆ. ನೀವು "ಎ30" ಅಂದ ಕೂಡಲೇ ಅವರಿಗೆ ಏನೂ ಹೊಳೆಯುವುದಿಲ್ಲ, "ಇಲ್ಲ" ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ.

ಹಾಗಾಗಿ ಗಾಡಿಯ ಹೆಸರು ಬಿಡಿ. ಅಳತೆ ಕೇಳಿ. ವರ್ನಿಯರ್ ತಗೊಂಡು ಬೋರ್, ಅಂದರೆ ಸಿಲಿಂಡರ್ ಒಳಗಿನ ತೂತಿನ ವ್ಯಾಸ, ಎಷ್ಟಿದೆ ನೋಡಿ, ಸವೆಯದ ತುದಿಯಲ್ಲಿ. 19.05 ಮಿ.ಮೀ. ಬಂದರೆ 3/4 ಇಂಚು, 22.2 ಬಂದರೆ 7/8, 25.4 ಬಂದರೆ ಒಂದು ಇಂಚು. ಪಿಸ್ಟನ್ ಅಳೆದು ಬೋರ್ ಅಂದುಕೊಳ್ಳಬೇಡಿ, ಅದು ಯಾವಾಗಲೂ ಒಂದು ಕೂದಲು ಕಮ್ಮಿ ಇರುತ್ತದೆ. ಬೋಲ್ಟ್ ತೂತುಗಳ ನಡುವಿನ ದೂರ, ಪೈಪ್ ಬರುವ ತೂತಿನ ಥ್ರೆಡ್, ಗಾಳಿ ಹೊರಬಿಡುವ ಬ್ಲೀಡರ್ ಯಾವ ಕಡೆ, ಪಿಸ್ಟನ್ ಎಷ್ಟು ಉದ್ದ ಓಡುತ್ತದೆ, ಎಲ್ಲ ಬರೆದುಕೊಳ್ಳಿ. ಮೈ ಮೇಲೆ ಉಬ್ಬಿದ ಅಕ್ಷರದ ನಂಬರ್ ಇದ್ದರೆ ಫೋಟೋ ತೆಗೆಯಿರಿ. ಆದರೆ ಅದನ್ನೊಂದೇ ನಂಬಬೇಡಿ. ಅದು ಎರಕದ ಅಚ್ಚಿನ ನಂಬರ್. ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ಒಂದಕ್ಕೆ ಸಣ್ಣ ಬೋರ್ ಇನ್ನೊಂದಕ್ಕೆ ದೊಡ್ಡ ಬೋರ್ ಕೊರೆದದ್ದು ನಾನೇ ಕೈಯಲ್ಲಿ ಹಿಡಿದಿದ್ದೇನೆ. ಹೊರಗಿನಿಂದ ಅವಳಿ ಜವಳಿ.

ಬೋರ್ ಸ್ವಲ್ಪ ಆಚೀಚೆ ಆದರೆ ಏನು ಮಹಾ ಅನ್ನುವವರಿದ್ದಾರೆ. ಲೆಕ್ಕ ಹಾಕಿ. ಬಲ ವ್ಯಾಸದ ಮೇಲೆ ಹೋಗುವುದಿಲ್ಲ, ವ್ಯಾಸದ ವರ್ಗದ ಮೇಲೆ ಹೋಗುತ್ತದೆ. 3/4 ಇಂಚಿನ ಜಾಗಕ್ಕೆ 7/8 ಹಾಕಿದರೆ ಹಿಂದಿನ ಬ್ರೇಕ್ ಹತ್ತಿರ ಹತ್ತಿರ 36 ಶೇಕಡಾ ಜಾಸ್ತಿ ಹಿಡಿಯುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ತಿರುಗಿ ನಿಲ್ಲುತ್ತದೆ.

ಎ35ರಲ್ಲೂ ಹಿಂದೆ ಇದೇ ಏರ್ಪಾಟು. ಸ್ಪ್ಯಾನರ್ ಸೆಟ್ ಹೇಳಿದ ಎ40 ಫರೀನಾ ಮೊದಲ ಮಾಡೆಲ್‌ನ ಸಿಲಿಂಡರ್ ಸಿಕ್ಕರೆ ಅದನ್ನೂ ಅಳೆದು ನೋಡಿ, ಹೆಸರು ನೋಡಿ ಕೊಳ್ಳಬೇಡಿ. ಆಸ್ಟಿನ್ ಎ30–ಎ35 ಓನರ್ಸ್ ಕ್ಲಬ್‌ನವರನ್ನೂ ಕೇಳಿ. ಒಂದೇ ಗಾಡಿಯ ಹಿಂದೆ ಬಿದ್ದವರ ಹತ್ತಿರ ಇರುವ ಮಾಹಿತಿ ಅಂಗಡಿಯವರ ಹತ್ತಿರ ಇರುವುದಿಲ್ಲ.

ಪೆಟ್ಟಿಗೆ ಬಿಚ್ಚದ ಹಳೇ ಸ್ಟಾಕ್ ತಗೊಳ್ಳಬಹುದು, ಆದರೆ ಕಬ್ಬಿಣಕ್ಕೆ ಮಾತ್ರ ದುಡ್ಡು ಕೊಡುತ್ತಿದ್ದೇನೆ ಅಂದುಕೊಂಡು ತಗೊಳ್ಳಿ. ಒಳಗಿನ ರಬ್ಬರ್ ಓಡದೆ ಇದ್ದರೂ ವಯಸ್ಸಾಗುತ್ತದೆ. ಬೆರಳಿಗೆ ಮೆತ್ತಗೆ ಅನ್ನಿಸಿದರೂ ತೆಗೆದು ಬಿಸಾಕಿ. ಕಪ್‌ಗಳು ಬೋರ್ ಅಳತೆಯ ಮೇಲೆ ಸಿಗುತ್ತವೆ, ಗಾಡಿಯ ಹೆಸರು ಬೇಕಿಲ್ಲ. ಮಾರುವವರ ಹತ್ತಿರ ಬೋರ್ ಒಳಗೆ ಟಾರ್ಚ್ ಬಿಟ್ಟು ತೆಗೆದ ಫೋಟೋ ಕೇಳಿ. ಪೆಟ್ಟಿಗೆಯ ಚಿತ್ರವನ್ನು ನಾಲ್ಕು ಕಡೆಯಿಂದ ಕಳಿಸುವವರು ಬೋರ್ ತೋರಿಸಲು ಮಾತ್ರ ಯಾಕೋ ಹಿಂಜರಿಯುತ್ತಾರೆ.

ನನ್ನ ಕೈಗೆ ಈ ಕೆಲಸ ಬಂದರೆ ನಾನು ಸ್ಲೀವ್ ಹಾಕುತ್ತೇನೆ. ನಿಮ್ಮ ಗಾಡಿಯ ಸ್ವಂತ ಸಿಲಿಂಡರ್ ಉಳಿಯುತ್ತದೆ, ಬೋಲ್ಟ್ ತೂತು ಹೊಂದುತ್ತದೋ ಇಲ್ಲವೋ ಅನ್ನುವ ಚಿಂತೆ ಇಲ್ಲ. ಹಳೇ ಬೋರನ್ನು ದೊಡ್ಡದು ಮಾಡಿ, ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಲೀವ್ ಬಿಗಿಯಾಗಿ ಕೂರಿಸಿ, ಮತ್ತೆ ಮೊದಲಿನ ಅಳತೆಗೇ ತಂದು ಹೋನ್ ಮಾಡಬೇಕು, ಅಂದರೆ ಕಲ್ಲಿನಿಂದ ಉಜ್ಜಿ ನಯ ಮಾಡಬೇಕು. ಮೊದಲಿನ ಅಳತೆ ಅನ್ನುವುದು ಮುಖ್ಯ, ಇಲ್ಲದಿದ್ದರೆ ಕಪ್ ಸಿಗುವುದಿಲ್ಲ. ಪೈಪ್ ತೂತು, ಬ್ಲೀಡರ್ ತೂತು ಸ್ಲೀವ್‌ನಲ್ಲಿ ಹೊಸದಾಗಿ ಕೊರೆಯಬೇಕಾಗುತ್ತದೆ. ಕೊರೆದ ಮೇಲೆ ಒಳಗಿನ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಉಳಿಯುತ್ತದೆ. ಅದನ್ನು ತೆಗೆಯದಿದ್ದರೆ ಮೊದಲ ಸಲ ಓಡುವಾಗಲೇ ಕಪ್‌ನ ತುಟಿ ಕತ್ತರಿಸಿಹೋಗುತ್ತದೆ. ನಿಮ್ಮ ಲೇತ್‌ನವರಿಗೆ ಇದನ್ನು ಕೇಳಿ ನೋಡಿ. "ಬರ್ ಹೇಗೆ ತೆಗೀತೀರಿ?" ಅಂತ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ಹುಡುಕಿ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಆಗಿದ್ದರೆ ಇದು ಇನ್ನೂ ನಾಜೂಕು. ಅಲ್ಲಿ ಸೂಜಿಯಷ್ಟು ಸಣ್ಣ ವಾಪಸ್ ತೂತೊಂದಿರುತ್ತದೆ. ಅದು ಜಾಗ ತಪ್ಪಿದರೆ ಅಥವಾ ಮುಚ್ಚಿಹೋದರೆ ಕಾಲು ತೆಗೆದರೂ ಬ್ರೇಕ್ ಬಿಡುವುದಿಲ್ಲ.

ಪೂರ್ತಿ ಹೈಡ್ರಾಲಿಕ್‌ಗೆ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ. ಹಿಂದೆ ಒಂದು ಸಿಲಿಂಡರ್ ಇದ್ದ ಕಡೆ ಎರಡು ಬಂದರೆ ಮಾಸ್ಟರ್ ಸಿಲಿಂಡರ್ ಕಳಿಸಬೇಕಾದ ಆಯಿಲ್ ಲೆಕ್ಕ ಬದಲಾಗುತ್ತದೆ, ಪೆಡಲ್ ಓಟ ಬದಲಾಗುತ್ತದೆ, ಹಿಂದು ಮುಂದಿನ ಹಂಚಿಕೆ ಬದಲಾಗುತ್ತದೆ. ಹ್ಯಾಂಡ್‌ಬ್ರೇಕನ್ನೂ ಹೊಸದಾಗಿ ಯೋಚಿಸಬೇಕು. ಆಸ್ಟಿನ್‌ನವರು ಮಾಡಿದರು ನಿಜ, ಅವರು ಇಡೀ ವ್ಯವಸ್ಥೆಯನ್ನು ಒಟ್ಟಿಗೆ ಬದಲಿಸಿದರು. ಒಂದು ಸಿಲಿಂಡರ್ ಸೋರಿದ್ದಕ್ಕೆ ಅದೆಲ್ಲ ಯಾಕೆ?

ಸ್ಪ್ಯಾನರ್ ಸೆಟ್:

ಹ್ಯಾಂಡ್‌ಬ್ರೇಕ್ ವಿಷಯ ಒಪ್ಪಿದೆ ಅಜ್ಜ. ಆದರೂ ಆ ರಾಡುಗಳ ಪಿನ್ನು ಸವೆದರೆ ಬರುವ ಲೊಡಲೊಡಕ್ಕೆ ಏನು ಮಾಡುತ್ತೀರಿ?

ಲೇತಜ್ಜ:

ಪಿನ್ನು ಮಾಡುವುದು ಲೇತ್‌ನಲ್ಲಿ ಅರ್ಧ ಗಂಟೆಯ ಕೆಲಸ. ಅದು ಸಿಗುವುದಿಲ್ಲ ಅಂತ ಯಾರೂ ಅಳುವುದಿಲ್ಲ.

ಎ30 ಮಾಲೀಕ:

ತುಂಬಾ ಥ್ಯಾಂಕ್ಸ್ ಅಜ್ಜ. ಹೋಸ್ ನೋಡಿದೆ, ನೀವು ಹೇಳಿದಂತೆ ಎಂ10. ವಾಪಸ್ ಕಳಿಸುತ್ತಿದ್ದೇನೆ. ಬೋರ್ ಅಳೆದೆ, ಇಂಚಿನ ಅಳತೆಗೆ ಸರಿಯಾಗಿ ಬಂತು. ಲೇತ್‌ನವರಿಗೆ ಬರ್ ಪ್ರಶ್ನೆ ಕೇಳಿದೆ. ನಗುತ್ತಾ ಒಂದು ಸಣ್ಣ ಬಾಗಿದ ಕಲ್ಲು ತೆಗೆದು ತೋರಿಸಿದರು. ಅವರಿಗೇ ಕೊಡುತ್ತೇನೆ.

ಆಯಿಲ್ ಯಾವುದು ಹಾಕಲಿ? ಸಿಲಿಕೋನ್ ಹಾಕಿದರೆ ಮತ್ತೆ ತುಕ್ಕೇ ಹಿಡಿಯುವುದಿಲ್ಲ ಅಂತ ಹೇಳುತ್ತಾರೆ.

ಗ್ರೀಸ್ ಕೈ:

ಇದಕ್ಕೆ ನಾನು ಹೇಳುತ್ತೇನೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಸಿಲಿಕೋನ್ ಅಂದರೆ ಡಾಟ್ 5. ಅದು ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ನಿಂತೇ ಇರುವ ಗಾಡಿಗೆ ಅನುಕೂಲ ಇದೆ. ಆದರೆ ಡಾಟ್ 3 ಅಥವಾ 4 ಇದ್ದ ಪೈಪಿಗೆ ಮೇಲಿಂದ ಸುರಿಯುವಂತಿಲ್ಲ. ಎರಡೂ ಬೆರೆಯುವುದಿಲ್ಲ. ಪೈಪು, ರಬ್ಬರ್ ಕಪ್ ಎಲ್ಲ ಬದಲಿಸಿ, ಒಂದು ಹನಿ ಹಳೇದು ಉಳಿಯದಂತೆ ತೊಳೆದು ಆಮೇಲೆ ಹಾಕಬೇಕು. ಗುಳ್ಳೆ ಹಿಡಿದಿಟ್ಟುಕೊಳ್ಳುವ ಗುಣ ಬೇರೆ ಇದೆ, ಪೆಡಲ್ ಸ್ಪಂಜಿನ ಹಾಗೆ ಅನ್ನಿಸಬಹುದು. ಡಬ್ಬಿಯ ಮೇಲೆ 5.1 ಅಂತಿದ್ದರೆ ಅದು ಸಿಲಿಕೋನ್ ಅಲ್ಲ, 4ರ ಜಾತಿಯದ್ದೇ. ಇದರಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ನಾನಾದರೆ ಡಾಟ್ 4 ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಹೊಸದಿದ್ದಾಗ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಮೇಲೆ ಆ ಮಿತಿ 155. ಇಳಿಜಾರಿನಲ್ಲಿ ಡ್ರಮ್ ಕಾದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಕಪ್ ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಮುಟ್ಟಬೇಡಿ. ರಬ್ಬರ್ ಊದಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲ್‌ನಲ್ಲೇ ಅದ್ದಿ ಕೂರಿಸಿ. ಮತ್ತೆ ಡ್ರಮ್ ಬಿಚ್ಚಿದಾಗ ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನಿಂಗ್‌ನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಿ.

ಲೇತಜ್ಜ:

ಗ್ರೀಸ್ ಕೈ ಹೇಳಿದ್ದು ಸರಿ. ಬ್ಲೀಡ್ ಮಾಡುವಾಗಿನದ್ದು, ಅಂದರೆ ಪೈಪಿನ ಗಾಳಿ ತೆಗೆಯುವಾಗಿನದ್ದು, ಒಂದು ಸೇರಿಸುತ್ತೇನೆ. ಮಾಸ್ಟರ್ ಸಿಲಿಂಡರ್ ಹಳೇದೇ ಇಟ್ಟುಕೊಳ್ಳುತ್ತಿದ್ದರೆ ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಬೇಡಿ. ದಿನಾ ಓಡಿಸುವಾಗ ಅದರ ಕಪ್ ಬೋರ್‌ನ ಅರ್ಧ ಭಾಗದಲ್ಲೇ ಓಡಾಡಿರುತ್ತದೆ. ಆಚೆ ಅರ್ಧದಲ್ಲಿ ತುಕ್ಕು ಕೂತಿರುತ್ತದೆ. ಬ್ಲೀಡ್ ಮಾಡುವ ಭರದಲ್ಲಿ ಪೂರ್ತಿ ಒತ್ತಿದರೆ ಚೆನ್ನಾಗಿದ್ದ ಕಪ್ ಆ ತುಕ್ಕಿಗೆ ಉಜ್ಜಿ ಹರಿಯುತ್ತದೆ. ಮಾರನೇ ದಿನ ಪೆಡಲ್ ಮೆಲ್ಲಗೆ ಇಳಿಯಲು ಶುರು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟರೆ ಸಾಕು.

ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಹಿಡಿದುಕೊಳ್ಳಲು ಇನ್ನೊಬ್ಬರಿಗೆ ಹೇಳಿ. ಕೆಲವು ನಿಮಿಷ ಹಾಗೇ ಇರಲಿ. ನೀವು ಕೆಳಗೆ ಹೋಗಿ ಒಂದೊಂದು ಜೋಡಣೆಯನ್ನೂ ಒಣ ಕಾಗದದಲ್ಲಿ ಒರೆಸಿ ನೋಡಿ. ನಿಮ್ಮದು ಒಂದೇ ಸರ್ಕ್ಯೂಟಿನ ಗಾಡಿ. ಹಿಂದೆ ಸೋರಿದರೆ ಮುಂದಿನದ್ದೂ ಹೋಯಿತು, ಆಮೇಲೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಅದಕ್ಕೇ ಆ ರಾಡುಗಳನ್ನು ಬಿಸಾಕಬೇಡಿ ಅಂದದ್ದು.

ಎ30 ಮಾಲೀಕ:

ಮಾಸ್ಟರ್ ಸಿಲಿಂಡರ್ ಕೂಡ ಬಿಚ್ಚಿಯೇ ನೋಡುತ್ತೇನೆ ಹಾಗಾದರೆ. ಅದಕ್ಕೂ ಸ್ಲೀವ್ ಬೇಕಾದರೆ ಎರಡನ್ನೂ ಒಟ್ಟಿಗೇ ಕೊಡುತ್ತೇನೆ. ಅಳತೆ, ಫೋಟೋ ಎಲ್ಲ ಇಲ್ಲೇ ಹಾಕುತ್ತೇನೆ, ಎ30, ಎ35 ಇರುವ ಬೇರೆಯವರಿಗೂ ಬೇಕಾಗಬಹುದು. ಹೋಸ್ ಆರ್ಡರ್ ಮಾಡುವಾಗ ಥ್ರೆಡ್ ಬಿಟ್ಟು ಇನ್ನೇನಾದರೂ ಹೇಳಬೇಕಾ?

ಲೇತಜ್ಜ:

ಉದ್ದ ಹೇಳಿ. ಗಾಡಿ ಜ್ಯಾಕ್ ಮೇಲಿದ್ದು ಚಕ್ರ ಪೂರ್ತಿ ಕೆಳಗೆ ಜೋತಾಗ ಹೋಸ್ ಎಳೆದಂತೆ ಆಗಬಾರದು. ಸ್ಟೀರಿಂಗ್ ಎರಡೂ ಕಡೆ ಕೊನೆತನಕ ತಿರುಗಿಸಿದಾಗ ಟೈರಿಗೆ ತಾಗಲೂಬಾರದು. ಹಳೇ ಹೋಸ್ ಬಿಚ್ಚುವ ಮೊದಲು ದಾರ ಹಿಡಿದು ಅಳೆದುಕೊಳ್ಳಿ.