ನನ್ನ ಜಮೀನು, ನನ್ನ ಬೋರ್, ನನ್ನ ದುಡ್ಡು. ಪಕ್ಕದ ಹೊಲದವರಿಗೆ ನಾನು ಯಾಕೆ ಉತ್ತರ ಕೊಡಬೇಕು?

ಮುಳಬಾಗಿಲ ಹುಡುಗ:
ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ. ಊರಲ್ಲಿ ಜಮೀನು ನೋಡಿಕೊಳ್ಳುವುದು ಅಣ್ಣ. ನಾನು ಬೆಂಗಳೂರಿನಲ್ಲಿದ್ದೇನೆ, ಬೇಕಾದಾಗ ದುಡ್ಡು ಕಳಿಸುತ್ತೇನೆ. ಈಗಿರುವ ಬೋರ್‌ನಲ್ಲಿ ನೀರು ಕಮ್ಮಿಯಾಗಿದೆ, ಟೊಮೇಟೊಗೆ ಸಾಲುತ್ತಿಲ್ಲ. ಇನ್ನೂ ಆಳಕ್ಕೆ ಹೊಸದೊಂದು ಕೊರೆಸೋಣ ಅಂತಾನೆ ಅಣ್ಣ. ಪಾಯಿಂಟ್ ತೋರಿಸುವವರು ತೆಂಗಿನಕಾಯಿ ಹಿಡಿದು ಹೊಲವೆಲ್ಲ ಓಡಾಡಿ ಜಾಗ ಹೇಳಿಯೂ ಆಯ್ತು. ಆ ಜಾಗ ಪಕ್ಕದ ಹೊಲದವರ ಬೋರ್‌ಗೆ ತೀರಾ ಹತ್ತಿರ. ಅವರದು ಸಣ್ಣ ಹಿಡುವಳಿ, ಇರುವುದೇ ಒಂದು ಬೋರ್, ಅದರ ಸಾಲ ಇನ್ನೂ ತೀರಿಲ್ಲ. ನಾವು ಅವರಿಗಿಂತ ಆಳಕ್ಕೆ ಹೋದರೆ ಅವರದು ಒಣಗುವ ಸಾಧ್ಯತೆ ಜಾಸ್ತಿ.

ಇದನ್ನು ಹೇಳಿದ್ದಕ್ಕೆ ಅಣ್ಣ ಕೇಳಿದ್ದು ಇಷ್ಟೇ: "ನಾನು ಸುಮ್ನಿದ್ರೆ ನೀರು ಉಳಿಯುತ್ತಾ? ಇನ್ನೊಬ್ಬ ಎತ್ತುತ್ತಾನೆ." ಇದಕ್ಕೆ ಏನು ಹೇಳೋದು ಅಂತ ಗೊತ್ತಾಗಲಿಲ್ಲ. ಎಲ್ಲರೂ ಮಾಡುವುದನ್ನು ನಾನೊಬ್ಬ ಮಾಡದೆ ಇದ್ದರೆ ಅದು ಜವಾಬ್ದಾರಿಯಾ, ಪೆದ್ದುತನವಾ? ನನ್ನ ಜಮೀನಿನಲ್ಲಿ ನನಗಿರುವ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲುತ್ತೆ? "ಜಮೀನು ಮಾರಿ ಸೈಟ್ ತಗೊಳ್ಳಿ" ಅನ್ನುವ ಸಲಹೆ ದಯವಿಟ್ಟು ಬೇಡ, ಅದನ್ನು ಆಫೀಸಿನಲ್ಲಿ ದಿನಾ ಕೇಳ್ತೀನಿ.

ಕರಿಕೋಟು:
ಸರ್, ಮೊದಲು ಕಾನೂನು ಹೇಳಿಬಿಡ್ತೀನಿ. 1882ರ ಈಸ್ಮೆಂಟ್ಸ್ ಕಾಯ್ದೆ ಪ್ರಕಾರ ನಿಮ್ಮ ನೆಲದ ಕೆಳಗೆ, ಗೊತ್ತಾದ ಹರಿವು ಇಲ್ಲದೆ ಇರುವ ನೀರನ್ನು ನಿಮ್ಮ ಗಡಿಯೊಳಗೆ ನೀವು ಎತ್ತಿಕೊಳ್ಳಬಹುದು. ಅಂದರೆ ಬ್ರಿಟಿಷರ ಕಾಲದಿಂದಲೂ ಕಾನೂನು ನಿಮ್ಮ ಅಣ್ಣನ ಕಡೆಗೇ ವಾಲಿಕೊಂಡಿದೆ. ಆಮೇಲೆ ಕರ್ನಾಟಕದಲ್ಲಿ 1999ರಲ್ಲಿ ಕುಡಿಯುವ ನೀರಿನ ಮೂಲ ಕಾಪಾಡುವುದಕ್ಕೆ ಒಂದು ಕಾಯ್ದೆ ಬಂತು, 2011ರಲ್ಲಿ ಅಂತರ್ಜಲಕ್ಕೇ ಒಂದು ಬಂತು. ಅಧಿಸೂಚಿತ ಪ್ರದೇಶದಲ್ಲಿ, ಅಂದರೆ ಸರ್ಕಾರ ಹೆಸರಿಸಿ ಪ್ರಕಟಿಸಿದ ಜಾಗದಲ್ಲಿ, ಕೊರೆಸಬೇಕಾದರೆ ಅನುಮತಿ ಬೇಕು. ಅದನ್ನು ವಿಚಾರಿಸದೆ ಲಾರಿ ಕರೆಸಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಇಂಥ ಕಡೆ ಎಲ್ಲರೂ ಮೊದಲು ಹೇಳುವುದು ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರ 'ಆನ್ ಲಿಬರ್ಟಿ' ಪುಸ್ತಕದಲ್ಲಿ ಬರೆದ ಮಾತು: ಒಬ್ಬನ ಸ್ವಾತಂತ್ರ್ಯಕ್ಕೆ ಸಮಾಜ ಕೈ ಹಾಕಬೇಕಾದರೆ ಅವನಿಂದ ಬೇರೆಯವರಿಗೆ ಹಾನಿ ಆಗುತ್ತಿರಬೇಕು. ಪಕ್ಕದವರ ಬೋರ್ ಒಣಗಿದರೆ ಅದು ಹಾನಿಯೇ, ಹಾಗಾಗಿ ತಪ್ಪು. ಮುಗೀತಾ? ಇಲ್ಲ. ಮಿಲ್ ಅದೇ ಪುಸ್ತಕದಲ್ಲಿ ಇನ್ನೊಂದೂ ಹೇಳುತ್ತಾನೆ. ಪೈಪೋಟಿಯಲ್ಲಿ, ಪರೀಕ್ಷೆಯಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬನಿಗೆ ನಷ್ಟ ಆಗೇ ಆಗುತ್ತೆ, ಅದನ್ನೆಲ್ಲ ತಡೆಯೋಕೆ ಹೋಗಬಾರದು ಅಂತ. ಮೋಸ, ಬಲವಂತ ಇರಬಾರದು ಅಷ್ಟೇ. ನಿಮ್ಮ ಅಣ್ಣ ನಾಳೆ ಇದೇ ವಾದ ಹಿಡಿದರೆ? "ಅವರಿಗೂ ಕೊರೆಸೋ ಅವಕಾಶ ಇತ್ತಲ್ಲ" ಅಂದರೆ? ಪಕ್ಕದವರ ಬೋರ್ ಒಣಗಿದ್ದು ನಿಮ್ಮದರಿಂದಲೋ, ಮಳೆ ಬಾರದೆಯೋ, ಆಚೆ ಹೊಲದವರಿಂದಲೋ ಅಂತ ಕೋರ್ಟಿನಲ್ಲಿ ತೋರಿಸೋದು ಬಲು ಕಷ್ಟ. ಇಲ್ಲಿ ಹಾನಿ ಮಾಡಿದವನು ಒಬ್ಬ ಅಂತ ಇರೋದೇ ಇಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿರುತ್ತಾರೆ.

ರೇಷ್ಮೆಗೂಡು:
ಮಿಲ್ಲು ಗಿಲ್ಲು ಎಲ್ಲ ಸರಿ. ನಾನು ಶಿಡ್ಲಘಟ್ಟ ಕಡೆಯವನು, ಹಿಪ್ಪುನೇರಳೆ ಬೆಳೆದು ಹುಳ ಮೇಯಿಸುತ್ತೇನೆ, ಬೋರ್ ನನಗೂ ಇದೆ. ಒಂದು ಮಾತು ಕೇಳ್ತೀನಿ. ಜವಾಬ್ದಾರಿ ಅಂದ ತಕ್ಷಣ ಎಲ್ಲರೂ ರೈತನ ಮುಖವೇ ನೋಡ್ತೀರಲ್ಲ, ಯಾಕೆ? ನಮ್ಮಲ್ಲಿ ಸಾವಿರ ಅಡಿ ದಾಟಿದರೂ ನೀರು ಸಿಗುವ ಗ್ಯಾರಂಟಿ ಇಲ್ಲ. ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ ಮಾಡಿದ್ದು ಸರ್ಕಾರ. ಟೊಮೇಟೊಗೆ ಸಾಲ ಕೊಡುವವರಿದ್ದಾರೆ, ರಾಗಿ ಬೆಳೀತೀನಿ ಅಂದರೆ ಯಾರೂ ತಿರುಗಿ ನೋಡಲ್ಲ. ಬೆಂಗಳೂರಿನವರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ಎತ್ತಿಕೊಂಡು ಕುಡೀತಾರೆ, ಅವರಿಗೆ ಸ್ವಾತಂತ್ರ್ಯ ಎಲ್ಲಿಗೆ ನಿಲ್ಲುತ್ತೆ ಅಂತ ಯಾರೂ ಕೇಳಲ್ಲ. ಕೋಲಾರದ ಕಡೆಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ನೀರು ಬಂತು, ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಂಸ್ಕರಿಸಿ ಅಲ್ಲಿನ ಕೆರೆಗಳಿಗೆ. ಅದು ಬಂದಿದ್ದಕ್ಕೆ ಕೆಲವು ಕಡೆ ಬೋರ್‌ಗೆ ಜೀವ ಬಂತು, ಸುಳ್ಳು ಹೇಳಲ್ಲ. ಆದರೆ ಜೀವ ಬಂದ ಕೂಡಲೇ ಪಕ್ಕದಲ್ಲಿ ಇನ್ನೊಂದು ಕೊರೆಸಿದವರೂ ಇದ್ದಾರೆ.

ನಿಮ್ಮ ಅಣ್ಣನ್ನ ಕೆಟ್ಟವನು ಅನ್ನಬೇಡಿ ಅಂತ ಹೇಳೋಕೆ ಬಂದೆ.

ಹರಟೆಕಟ್ಟೆ:
@ರೇಷ್ಮೆಗೂಡು, ಅಣ್ಣನ್ನ ಯಾರೂ ಕೆಟ್ಟವನು ಅಂದಿಲ್ಲ ಗುರು. ನನ್ನ ಪ್ರಕಾರ ಅವನ ಲೆಕ್ಕ ಸರಿಯಾಗೇ ಇದೆ. ಒಬ್ಬನೇ ಸುಮ್ಮನಿದ್ದರೆ ನೀರು ಉಳಿಯೋದಿಲ್ಲ, ಅವನ ಬೆಳೆ ಮಾತ್ರ ಹೋಗುತ್ತೆ. ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ವಿಜ್ಞಾನಿ 1968ರಲ್ಲಿ ಇದನ್ನೇ ಗೋಮಾಳದ ಉದಾಹರಣೆ ಇಟ್ಟು ಬರೆದ. ಎಲ್ಲರೂ ಒಂದೊಂದು ದನ ಜಾಸ್ತಿ ಬಿಡುತ್ತಾ ಹೋದರೆ ಹುಲ್ಲು ಯಾರಿಗೂ ಉಳಿಯಲ್ಲ ಅಂತ. ಅವನ ಮಾತಿನಿಂದ ಜನ ಎರಡೇ ದಾರಿ ತೆಗೆದರು. ಒಂದೋ ಸರ್ಕಾರ ಹಿಡಿತಕ್ಕೆ ತಗೊಳ್ಳಬೇಕು, ಇಲ್ಲಾ ಖಾಸಗಿಗೆ ಹಂಚಬೇಕು.

ಎಲಿನರ್ ಆಸ್ಟ್ರಮ್ ಇದನ್ನು ಒಪ್ಪಲಿಲ್ಲ. 2009ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಮೊದಲ ಹೆಂಗಸು. ಅವರು ಪಿಎಚ್‌ಡಿ ಮಾಡಿದ್ದೇ ಅಂತರ್ಜಲದ ಮೇಲೆ! ಲಾಸ್ ಏಂಜಲಿಸ್ ಪಕ್ಕದ ವೆಸ್ಟ್ ಬೇಸಿನ್ ಅನ್ನುವ ಜಾಗ. ಅಲ್ಲಿ ಊರುಗಳು, ಕಂಪನಿಗಳು ಎಲ್ಲ ಸೇರಿ ಎಷ್ಟು ಎತ್ತಿದರು ಅಂದರೆ ನೆಲದೊಳಗೆ ಸಮುದ್ರದ ಉಪ್ಪುನೀರು ನುಗ್ಗೋಕೆ ಶುರುವಾಯ್ತು. ಪ್ರತಿಯೊಬ್ಬನದೂ ನಿಮ್ಮ ಅಣ್ಣನ ಮಾತೇ. ಆಮೇಲೆ ಕೋರ್ಟಿಗೆ ಹೋದರು. ಅಲ್ಲಿ ಮೊದಲು ಆಗಿದ್ದು ಅಳತೆ, ಯಾರು ಎಷ್ಟು ಎತ್ತುತ್ತಿದ್ದಾರೆ ಅಂತ ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ಕೂತು ಮಾತಾಡಿ, ಉಳಿದವರೂ ಕಮ್ಮಿ ಮಾಡಿದರೆ ಮಾತ್ರ ನಾನೂ ಮಾಡ್ತೀನಿ ಅನ್ನುವ ಷರತ್ತಿನ ಮೇಲೆ ಸಹಿ ಹಾಕಿದರು. ನೋಡಿಕೊಳ್ಳೋಕೆ ಒಬ್ಬ ವಾಟರ್ ಮಾಸ್ಟರ್. ಒಂದು ಊರು ಕೊನೆವರೆಗೂ ತಕರಾರು ತೆಗೆದು ಕೇಸು ನಡೆಸಿತು, ಆದರೂ ಒಪ್ಪಂದ ನಿಂತಿತು.

ಆ ಷರತ್ತು ನನಗೆ ಮುಖ್ಯ ಅನಿಸುತ್ತೆ. ಅಲ್ಲಿ ಯಾರೂ ತ್ಯಾಗ ಮಾಡಲಿಲ್ಲ, "ನೀನೂ ಮಾಡಿದರೆ ನಾನೂ" ಅಂದರು. ನಮ್ಮ ಮುಯ್ಯಾಳು ಪದ್ಧತಿಯೂ ಇಷ್ಟೇ ಅಲ್ವಾ? ಇವತ್ತು ನಿಮ್ಮ ರಾಗಿ ಕೊಯ್ಲಿಗೆ ನಾವು, ನಾಳೆ ನಮ್ಮದಕ್ಕೆ ನೀವು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಹದಿನೆಂಟನೇ ಶತಮಾನದಲ್ಲಿ ಇದೇ ಥರದ ಇಬ್ಬರು ರೈತರ ಕಥೆ ಹೇಳಿದ. ಒಬ್ಬನ ಬೆಳೆ ಇವತ್ತು ಮಾಗಿದೆ, ಇನ್ನೊಬ್ಬನದು ನಾಳೆ. ನಂಬಿಕೆ ಇಲ್ಲದೆ ಒಬ್ಬರಿಗೊಬ್ಬರು ಸಹಾಯ ಮಾಡದೆ ಇಬ್ಬರೂ ಬೆಳೆ ಕಳಕೊಳ್ಳುತ್ತಾರೆ. ನಮ್ಮಲ್ಲಿ ಮುಯ್ಯಾಳು ನಡೆದದ್ದು ಯಾರು ಬಂದರು, ಯಾರು ಬರಲಿಲ್ಲ ಅಂತ ಇಡೀ ಊರಿಗೆ ಕಾಣುತ್ತಿದ್ದದ್ದರಿಂದ. ಬೋರ್‌ನಲ್ಲಿ ಏನೂ ಕಾಣಲ್ಲ. ಕೆರೆ ಇದ್ದಾಗ ಇದೆಲ್ಲ ಸುಲಭವಾಗಿತ್ತು, ತೂಬು ಒಂದೇ, ನೀರುಗಂಟಿ ಒಬ್ಬ, ಅಚ್ಚುಕಟ್ಟಿನವರೆಲ್ಲ ಕಣ್ಣಾರೆ ನೋಡುತ್ತಿದ್ದರು. ಎಷ್ಟು ಚೆನ್ನಾಗಿತ್ತು ಆ ಸಹಕಾರ.

ತಮಟೆ ಸದ್ದು:
ಆಸ್ಟ್ರಮ್‌ವರೆಗೂ ಚೆನ್ನಾಗಿ ಬರ್ದಿದ್ದೀರಿ ಬ್ರದರ್. ಕೊನೆ ಸಾಲಿಗೆ ನನ್ನ ತಕರಾರಿದೆ.

ನಮ್ಮ ತಾತ ನೀರುಗಂಟಿ. ನಮ್ಮ ಕಡೆ ಆ ಕೆಲಸ ಬಹುತೇಕ ದಲಿತರ ಮನೆಗಳದ್ದು, ಅಪ್ಪನಿಂದ ಮಗನಿಗೆ. ರಾತ್ರಿ ಹೊತ್ತು ತೂಬು ತೆಗೆದು ಮುಚ್ಚಬೇಕು, ಮಳೆ ಬಂದಾಗ ಏರಿ ಕಾಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಬೇಕು. ಕೂಲಿ ಅಂದರೆ ಸುಗ್ಗಿಯಲ್ಲಿ ಕೊಡುತ್ತಿದ್ದ ಕಾಳು. ನೀರು ಹಂಚುತ್ತಿದ್ದವರಿಗೆ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರಲಿಲ್ಲ, ಮೇಲ್ಜಾತಿಯವರ ಬಾವಿ ಮುಟ್ಟುವ ಹಾಗೂ ಇರಲಿಲ್ಲ. ಈ ಕೆಲಸ ಬೇಡ ಅನ್ನುವ ಸ್ವಾತಂತ್ರ್ಯ ತಾತನಿಗೆ ಇತ್ತಾ? ಇರಲಿಲ್ಲ ಅಂದ ಮೇಲೆ ಅದನ್ನು ಸಹಕಾರ ಅಂತ ನಾನು ಹೇಗೆ ಒಪ್ಪಲಿ?

ಮಹಾರಾಷ್ಟ್ರದ ಮಹಾಡ್ ನೆನಪಿದೆ ತಾನೇ? ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ ಠರಾವು ಮಾಡಿಯೂ ದಲಿತರನ್ನು ನೀರಿಗೆ ಬಿಡಲಿಲ್ಲ. 1927ರ ಮಾರ್ಚ್ 20ಕ್ಕೆ ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಕುಡಿದದ್ದಕ್ಕೆ ಜನರಿಗೆ ಏಟು ಬಿತ್ತು, ಕೆರೆಗೆ "ಶುದ್ಧಿ" ಮಾಡಿದರು. ಬಾಂಬೆ ಹೈಕೋರ್ಟಿನಲ್ಲಿ ದಲಿತರ ಪರ ತೀರ್ಪು ಬಂದದ್ದು ಹತ್ತು ವರ್ಷದ ಮೇಲೆ. ಊರಿನ ಕೆರೆ ಅನ್ನುವಾಗ ಊರು ಅಂದರೆ ಯಾರು ಅಂತ ಕೇಳಿಕೊಳ್ಳಿ. ಬೋರ್ ಬಂದಾಗ ನಮ್ಮ ಕೇರಿಯಲ್ಲಿ ಕೆಲವರಿಗೆ ಖುಷಿಯೇ ಆಗಿದ್ದು, ಯಾರ ಹಂಗೂ ಇಲ್ಲದೆ ನೀರು ಸಿಗುತ್ತೆ ಅಂತ. ಆ ಖುಷಿ ಸುಳ್ಳಲ್ಲ.

ಹಾಗಂತ ಅಣ್ಣ ಕೊರೆಸಲಿ ಅಂತ ಹೇಳ್ತಿಲ್ಲ. ನಿಯಮ ಮಾಡಿ, ಆದರೆ ಅದಕ್ಕೆ ತಲೆಬಾಗಬೇಕಾದವರೆಲ್ಲ ಮಾಡುವಾಗಲೂ ಕೂತಿರಬೇಕು. ಜಮೀನಿಲ್ಲದವರೂ, ಹೆಂಗಸರೂ. ಇಲ್ಲಾಂದ್ರೆ ಅದು ಹಳೇ ಪಂಚಾಯ್ತಿ ಕಟ್ಟೆಯೇ.

ಹರಟೆಕಟ್ಟೆ:
ಕೊನೆ ಸಾಲು ವಾಪಸ್. ಆದರೆ ಒಂದು ಪ್ರಶ್ನೆ ಉಳಿಯುತ್ತೆ. ಎಲ್ಲರೂ ಕೂತು ಮಾಡಿದ ನಿಯಮಕ್ಕೆ ಒಬ್ಬ ಒಪ್ಪಲೇ ಇಲ್ಲ ಅಂದರೆ? ಅವನ ಮೇಲೆ ಬಲವಂತ ಮಾಡಬಹುದಾ? ಹಾರ್ಡಿನ್ ಹೌದು ಅಂದ, ಬಹುಪಾಲು ಜನ ಒಪ್ಪಿದ ಬಲವಂತ ಬೇಕೇ ಬೇಕು ಅಂದ. ನನಗೆ ಅಲ್ಲಿ ಭಯ ಆಗುತ್ತೆ.

ತಮಟೆ ಸದ್ದು:
ದಂಡ ಹಾಕಿ, ಬಹಿಷ್ಕಾರ ಹಾಕಬೇಡಿ. ಬಹುಪಾಲು ಅನ್ನೋದು ನಮಗೂ ಭಯವೇ.

ಮುಳಬಾಗಿಲ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. "ನೀನೂ ಮಾಡಿದರೆ ನಾನೂ" ಅನ್ನೋದನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಊರೆಲ್ಲ ಕೂತು ಒಪ್ಪೋ ಹೊತ್ತಿಗೆ ಟೊಮೇಟೊ ಒಣಗಿರುತ್ತೆ" ಅಂದ. ಅದೂ ಸರಿಯೇ. ಇಡೀ ಊರು ಬೇಡ, ಅಕ್ಕಪಕ್ಕದ ನಾಲ್ಕೈದು ಮನೆಯವರು ಮಾಡಬಹುದಾದದ್ದು ಏನಾದರೂ ಇದೆಯಾ? ಎಲ್ಲಾದರೂ ನಡೆದಿದೆಯಾ?

ಬದು:
ಇದೆ. ನಮ್ಮ ಗಡಿ ದಾಟಿದರೆ ಸಿಗುವ ಆಂಧ್ರದ ಹಳೇ ಅನಂತಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮಾಡಿದ್ದಾರೆ. ಬೋರ್ ಇರುವವರು, ಇಲ್ಲದವರು ಸೇರಿ ಪೈಪ್‌ಲೈನ್ ಜೋಡಿಸಿ ನೀರು ಹಂಚಿಕೊಳ್ಳೋದು, ಇಷ್ಟು ವರ್ಷ ಹೊಸ ಬೋರ್ ಕೊರೆಸಲ್ಲ ಅಂತ ಕರಾರು ಬರೆದುಕೊಳ್ಳೋದು. ಬೋರ್ ಇಲ್ಲದವನಿಗೆ ಒಂದು ಬೆಳೆಗಾದರೂ ನೀರು ಸಿಗುತ್ತೆ. ಇದ್ದವನಿಗೆ ತನ್ನ ಪಕ್ಕದಲ್ಲೇ ಇನ್ನೊಬ್ಬ ಕೊರೆಸುವ ಭಯ ಹೋಗುತ್ತೆ, ತನ್ನದು ಫೇಲ್ ಆದರೆ ಜೊತೆಯವರದು ಇರುತ್ತೆ. ಮಹಾರಾಷ್ಟ್ರದ ಹಿವರೆ ಬಜಾರ್‌ನವರು ಇನ್ನೂ ಮುಂದೆ ಹೋಗಿ ವ್ಯವಸಾಯಕ್ಕೆ ಬೋರೇ ಬೇಡ ಅಂತ ಮಾಡಿಕೊಂಡರು. ಮಳೆ ಎಷ್ಟು ಬಂತು ಅಂತ ನೋಡಿ ಆ ವರ್ಷದ ಬೆಳೆ ತೀರ್ಮಾನ ಮಾಡ್ತಾರೆ, ಕಬ್ಬು ಬಾಳೆ ಇಲ್ಲವೇ ಇಲ್ಲ. ಅದು ಇಡೀ ಊರು ಒಪ್ಪಬೇಕಾದ ಮಾತು, ನಿಮಗೆ ಸದ್ಯಕ್ಕೆ ಆಗಲ್ಲ. ಹೊಸ ಬೋರ್‌ಗೆ ಇಟ್ಟ ದುಡ್ಡಿನಲ್ಲಿ ಪೈಪು, ಡ್ರಿಪ್ ಎರಡೂ ಬರಬಹುದು, ವಿಚಾರಿಸಿ. ಮೊದಲು ಆ ಪಕ್ಕದವರ ಮನೆಗೆ ಅಣ್ಣನೇ ಹೋಗಿ ಮಾತಾಡಲಿ, ನೀವು ಬೆಂಗಳೂರಿನಿಂದ ಫೋನ್ ಮಾಡಬೇಡಿ.

ಮುಳಬಾಗಿಲ ಹುಡುಗ:
ಇದನ್ನು ಅಣ್ಣನಿಗೆ ಕಳಿಸಿದೆ. ಈಗ ಮೆಸೇಜ್ ಬಂತು: "ಮೋಟಾರ್ ಸುಟ್ಟುಹೋದ್ರೆ ರಿಪೇರಿ ಖರ್ಚು ಯಾರದ್ದು?"

ಬದು:
ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳಿ. ಕರಾರಿನಲ್ಲಿ ಮೊದಲೇ ಬರೆದಿಡಿ, ಬಾಯಿಮಾತಲ್ಲಿ ಬಿಡಬೇಡಿ.

ರೇಷ್ಮೆಗೂಡು:
ಎಕರೆ ಲೆಕ್ಕ ಬೇಡ, ನೀರು ಬಿಟ್ಟ ಗಂಟೆ ಲೆಕ್ಕ ಇಡಿ. ಎಕರೆ ಲೆಕ್ಕ ಇಟ್ಟರೆ ಪಕ್ಕದವರು ಎರಡು ಗಂಟೆ ಹಾಯಿಸಿದರೂ ಅಷ್ಟೇ ಕೊಡಬೇಕು, ನಿಮ್ಮ ಅಣ್ಣ ರಾತ್ರಿಯೆಲ್ಲ ಹಾಯಿಸಿದರೂ ಅಷ್ಟೇ.