ಟ್ರಾನ್ಸ್, ಗೋವಾ ಟ್ರಾನ್ಸ್, ಸೈಟ್ರಾನ್ಸ್: ಫೋಲ್ಡರ್ ಬೇರೆ ಮಾಡೋದು ಯಾವ ಲೆಕ್ಕದಲ್ಲಿ?

ಹಿಂಜವಡಿ_ಹೆಡ್‌ಫೋನ್:

ಗೋವಾದ ವಾಗಾತೋರ್‌ನಲ್ಲಿ ಓಪನ್ ಏರ್ ಡಿಜೆ ಸೆಟ್ ಒಂದಕ್ಕೆ ಟ್ರಾನ್ಸ್ (ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ) ಟ್ರ್ಯಾಕ್‌ಗಳ ಲೈಬ್ರರಿ ರೆಡಿ ಮಾಡ್ತಾ ಇದೀನಿ. ಸಂಜೆ 5ಕ್ಕೆ ಶುರು, ರಾತ್ರಿ 10ಕ್ಕೆ ಸೌಂಡ್ ಬಂದ್, ಅದರಲ್ಲಿ ಚೌಕಾಶಿ ಇಲ್ಲ. ಟ್ರ್ಯಾಕ್‌ಗಳ ಜಾನರ್ ಕಾಲಂ ನೋಡಿದ್ರೆ ತಲೆ ಕೆಡುತ್ತೆ: ಅರ್ಧಕ್ಕರ್ಧ ಬರೀ ‘ಟ್ರಾನ್ಸ್’, ಕೆಲವು ‘ಗೋವಾ’, ಕೆಲವು ‘ಸೈಕೆಡೆಲಿಕ್’, ಇನ್ನು ಕೆಲವಕ್ಕೆ ಏನೂ ಇಲ್ಲ. ಸದ್ಯಕ್ಕೆ 140 ಬಿಪಿಎಂಗೆ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ಲೆಕ್ಕ) ಒಂದು ಗೆರೆ ಎಳೆದು, ಕೆಳಗಿನದು ಟ್ರಾನ್ಸ್, ಮೇಲಿನದು ಸೈ (ಸೈಟ್ರಾನ್ಸ್) ಅಂತ ಎರಡು ಫೋಲ್ಡರ್ ಮಾಡಿದೀನಿ. ಆದ್ರೆ ಒಂದೇ ಫೋಲ್ಡರ್‌ನಿಂದ ತೆಗೆದ ಎರಡು 138ರ ಟ್ರ್ಯಾಕ್, ಕೀ (ಶ್ರುತಿ) ಕೂಡ ಒಂದೇ, ಮಿಕ್ಸ್ ಮಾಡಿದ್ರೆ ಎಣ್ಣೆ ಸೀಗೇಕಾಯಿ.

ಕೇಳೋದು ಎರಡೇ. ಗೆರೆ ಎಲ್ಲಿ ಎಳೀಬೇಕು? ಗೋವಾ ಟ್ರಾನ್ಸ್ ಅನ್ನೋದು ಬೇರೆ ಜಾನರ್ರಾ, ಇಲ್ಲ ಸೈಟ್ರಾನ್ಸ್‌ನ ಹಳೇ ಹೆಸರಾ?

ಮಾಪುಸಾ ಮಿಕ್ಸರ್:

ಮೊದಲು ಆ ಬಿಪಿಎಂ ಗೆರೆ ಅಳಿಸಿ. ಪ್ರೋಗ್ರೆಸಿವ್ ಸೈ ಹೆಚ್ಚುಕಮ್ಮಿ 134ರಿಂದ 140ರೊಳಗೆ ಓಡಾಡುತ್ತೆ, ಅಪ್‌ಲಿಫ್ಟಿಂಗ್ ಟ್ರಾನ್ಸ್ 136ರಿಂದ 140. ಎರಡೂ ಒಂದೇ ಬೆಂಚಲ್ಲಿ ಕೂತಿವೆ. ಸೈನ ಬೇರೆ ಬಗೆಗಳಲ್ಲಿ ಫುಲ್-ಆನ್ 142ರಿಂದ 148, ಡಾರ್ಕ್‌ಸೈ 150ರ ಮೇಲೆ, ಹೈಟೆಕ್ 170 ದಾಟುತ್ತೆ. ಅಂದ್ರೆ ಮೇಲಿನ ತುದಿಯಲ್ಲಿ ಬಿಪಿಎಂ ಸಹಾಯಕ್ಕೆ ಬರುತ್ತೆ. ಸಂಜೆ ಹೊತ್ತಿಗೆ ನಿಮಗೆ ಬೇಕಾಗಿರೋ ಕಡೆ ಕೈಕೊಡುತ್ತೆ.

ಕೇಳಬೇಕಾದ್ದು ಬೇಸ್. ಏಬಲ್‌ಟನ್ನೋ ರೀಪರ್ರೋ, ಸದ್ದು ಎಡಿಟ್ ಮಾಡೋ ಸಾಫ್ಟ್‌ವೇರ್ ಯಾವುದಾದ್ರೂ ಸರಿ, ಟ್ರ್ಯಾಕ್ ಎಳೆದುಹಾಕಿ. ಕಿಕ್ಕು (ಪ್ರತಿ ಬೀಟಿನ ಡ್ರಮ್ ಪೆಟ್ಟು) ಬೇಸು ಎರಡೂ ಪೂರ್ತಿ ಓಡ್ತಿರೋ ಜಾಗದಲ್ಲಿ ಒಂದು ಬಾರ್ (ನಾಲ್ಕು ಬೀಟ್) ಕತ್ತರಿಸಿ, 150 ಹರ್ಟ್ಜ್‌ಗೆ ಲೋ-ಪಾಸ್ ಇಟ್ಟು (ಅದರ ಮೇಲಿನ ಸದ್ದು ತೆಗೆದು) ಹೊಸ ಫೈಲಾಗಿ ಬೌನ್ಸ್ ಮಾಡಿ, ವೇವ್‌ಫಾರ್ಮ್ ಹಿಗ್ಗಿಸಿ ನೋಡಿ. ಕಿಕ್ ಆದಮೇಲೆ ಅದೇ ಬೀಟಿನೊಳಗೆ ಸಮ ಅಂತರದಲ್ಲಿ ಮೂರು ಉಬ್ಬು ಕಂಡ್ರೆ ಅದು ಸೈ ನಡೆ. ಎರಡು ಕಿಕ್ಕುಗಳ ನಟ್ಟನಡುವೆ ಒಂದೇ ಉಬ್ಬು ಇದ್ರೆ ಆಫ್‌ಬೀಟ್: ಹಳೇ ಟ್ರಾನ್ಸ್‌ನಲ್ಲೂ ಸಿಗುತ್ತೆ, ಪ್ರೋಗ್ರೆಸಿವ್ ಸೈನಲ್ಲೂ ಸಿಗುತ್ತೆ.

ಕಿಕ್ಕಿನ ಬಾಲವನ್ನೂ ಅಳೆದುಬಿಡಿ. 145 ಬಿಪಿಎಂನಲ್ಲಿ ಒಂದು ಬೀಟ್ 414 ಮಿಲಿಸೆಕೆಂಡ್, ಅದರ ಕಾಲು ಭಾಗ 103. ಮೂರು ನೋಟಿನ ಬೇಸ್ ಇರೋ ಕಡೆ ಕಿಕ್ ಆ 103ರೊಳಗೆ ಮುಗಿದು ಜಾಗ ಖಾಲಿ ಮಾಡಬೇಕು, ಇಲ್ಲಾಂದ್ರೆ ಮೊದಲನೇ ಬೇಸ್ ನೋಟಿನ ಜೊತೆ ಕಲಸಿಕೊಂಡು ಕೆಳಗೆಲ್ಲ ರಾಡಿ. ಅದಕ್ಕೇ ಸೈ ಕಿಕ್ ಗಿಡ್ಡ, ಒಣ. ಆಫ್‌ಬೀಟ್ ಟ್ರಾನ್ಸ್ ಕಿಕ್ಕಿಗೆ ಆ ಅವಸರ ಇಲ್ಲ, ಬಾಲ ಉದ್ದ. ನಿಮ್ಮ ಎರಡು 138ಗಳು ಕಿತ್ತಾಡ್ತಿರೋದು ಇಲ್ಲೇ ಇರಬೇಕು.

ಇಷ್ಟಕ್ಕೇ ತೀರ್ಪು ಕೊಡೋ ಹಾಗಿಲ್ಲ, ಯಾಕಂದ್ರೆ ಈಗಿನ ಅಪ್‌ಲಿಫ್ಟಿಂಗ್‌ನವರೂ ಮೂರು ನೋಟಿನ ಬೇಸ್ ಬಳಸ್ತಾರೆ. ಹಾಗಾಗಿ ಇನ್ನೊಂದು ಪರೀಕ್ಷೆ: ಬೇಸಿನ ಮೂಲ ಸ್ವರ ಜಾಗ ಬದಲಿಸುತ್ತಾ? ಅಪ್‌ಲಿಫ್ಟಿಂಗ್‌ನಲ್ಲಿ ಬೇಸ್ ಕಾರ್ಡುಗಳ (ಒಟ್ಟಿಗೆ ನುಡಿಸೋ ಸ್ವರಗುಚ್ಛ) ಬೆನ್ನು ಹತ್ತಿರುತ್ತೆ, ಒಂದೆರಡು ಬಾರ್‌ಗೊಮ್ಮೆ ಸ್ವರ ಬದಲು. ಸೈನಲ್ಲಿ ಎಫ್ ಸ್ವರ ಅಂದ್ರೆ ಎಫ್, ಏಳೆಂಟು ನಿಮಿಷ ಬಹುಪಾಲು ಅಲ್ಲೇ, ತಂಬೂರಿ ಶ್ರುತಿ ಇದ್ದಂಗೆ. ಲೀಡು, ಆಸಿಡ್ಡು, ಸ್ಯಾಂಪಲ್ಲು ಎಲ್ಲ ಅದರ ಮೇಲೆ ಆಡೋದು. ನನ್ನ ಲೆಕ್ಕದಲ್ಲಿ ಗೆರೆ ಎಳೆಯೋದಾದ್ರೆ ಇಲ್ಲೇ.

ಡೊಂಬಿವಲಿ 303:

ಪರೀಕ್ಷೆ ಚೆನ್ನಾಗಿದೆ ಸರ್, ಆದರೆ ಬರೀ ಸದ್ದು ಕೇಳಿ ಕುಲ ಹೇಳಕ್ಕೆ ಹೋದ್ರೆ ಎಡವಟ್ಟಾಗುತ್ತೆ. ನಮ್ಮ ಮುಂಬೈದೇ ತಗೊಳ್ಳಿ. 1982ರಲ್ಲಿ ಸಂಗೀತಗಾರ ಚರಣ್‌ಜಿತ್ ಸಿಂಗ್ ಅವರು ಟಿಬಿ-303, ಟಿಆರ್-808, ಜುಪಿಟರ್-8 ಅನ್ನೋ ಸಿಂಥ್, ಡ್ರಮ್ ಮಷೀನ್‌ಗಳನ್ನ ಇಟ್ಟುಕೊಂಡು ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ಕೂರಿಸಿದ್ರು. ಇವತ್ತು ಕೇಳಿದ್ರೆ ಅಪ್ಪಟ ಆಸಿಡ್ ಹೌಸ್, ಅಂದ್ರೆ 303ರ ಕೊರೆಯೋ ಸದ್ದಿನ ಕ್ಲಬ್ ಸಂಗೀತ. ಆದರೆ ಆಸಿಡ್ ಹೌಸ್ ಹುಟ್ಟಿದ್ದು ಶಿಕಾಗೋದಲ್ಲಿ, ಫ್ಯೂಚರ್ ತಂಡದ ಮೊದಲ ರೆಕಾರ್ಡ್ ಬಂದಿದ್ದು 1987ರಲ್ಲಿ, ಅದಕ್ಕೂ ಮುಂಬೈ ರೆಕಾರ್ಡಿಗೂ ಸಂಬಂಧ ಇಲ್ಲ. ಇದರ ಬಗ್ಗೆ ಹೊರಗಿನವರು ಮಾತಾಡಕ್ಕೆ ಶುರು ಮಾಡಿದ್ದೇ 2010ರ ಮರುಬಿಡುಗಡೆ ಆದಮೇಲೆ. ಸದ್ದು ಒಂದೇ, ವಂಶ ಬೇರೆ.

ಗೋವಾ ಟ್ರಾನ್ಸ್‌ನದ್ದೂ ಇದೇ ಕಥೆ. ಜರ್ಮನಿ ಟ್ರಾನ್ಸ್ ಕ್ಲಬ್ಬಿನ ಕೂಸು. ಫ್ರಾಂಕ್‌ಫರ್ಟ್‌ನ ಐ ಕ್ಯೂ, ಹಾರ್ಟ್‌ಹೌಸ್ ಲೇಬಲ್‌ಗಳ ರೆಕಾರ್ಡ್ ಕೇಳಿದ್ರೆ ಗೊತ್ತಾಗುತ್ತೆ. ಗೋವಾದ ಅಂಜುನಾ ಬೀಚಿನದ್ದು ಬಯಲಿನ ಸಂಗೀತ. ಅಲ್ಲಿಯ ಬಿಸಿಲು, ಧೂಳಿಗೆ ವಿನೈಲ್ ತಾಳಲ್ಲ, ಸೊಟ್ಟಗಾಗುತ್ತೆ. ಅದಕ್ಕೇ ಗೋವಾ ಗಿಲ್ ಥರದ ಡಿಜೆಗಳು ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್ (ಡಿಜಿಟಲ್) ಟೇಪ್ ಹಿಡಿದ್ರು. ಮಾಮೂಲಿ ಡ್ಯಾಟ್ ಡೆಕ್ಕಿನಲ್ಲಿ ವೇಗ ಬದಲಿಸೋ ಪಿಚ್ ಕಂಟ್ರೋಲ್ ಇಲ್ಲ, ಬೀಟ್ ಮ್ಯಾಚ್ ಮಾಡೋ ಮಾತೇ ಇಲ್ಲ. ಒಂದು ಟ್ರ್ಯಾಕಿನ ಬಾಲದ ಮೇಲೆ ಇನ್ನೊಂದರ ತಲೆ ಇಡೋದಷ್ಟೇ. ಆ ಕಾಲದ ಟ್ರ್ಯಾಕ್‌ಗಳಲ್ಲಿ ಮೊದಲಿಗೂ ಕೊನೆಗೂ ಕಿಕ್ ಇಲ್ಲದ ಉದ್ದನೆ ಭಾಗ ಇರೋದು ಈ ಕೆಲಸಕ್ಕೆ ಸರಿಹೋಗುತ್ತೆ. ನಿಮ್ಮ ಸೆಟ್ಟಿಗೂ ಇದು ಮುಖ್ಯ: 1994–97ರ ಟ್ರ್ಯಾಕನ್ನ ಕಿಕ್ಕಿಗೆ ಕಿಕ್ ಸೇರಿಸಿ 32 ಬಾರ್ ಎಳೆಯೋಕೆ ಹೋಗಬೇಡಿ, ಇಂಟ್ರೋ ಮೇಲೇ ದಾಟಿ.

ಒಳಗಿನ ಕಟ್ಟಡವೂ ಬೇರೆ. ಗೋವಾ ಟ್ರಾನ್ಸ್‌ನಲ್ಲಿ ಮೂರ್ನಾಲ್ಕು ಮೆಲಡಿಗಳು ಜಡೆ ಹೆಣೆದ ಹಾಗೆ ಸೇರಿರುತ್ತವೆ, ಸ್ಕೇಲು ಹೆಚ್ಚಾಗಿ ಫ್ರಿಜಿಯನ್ ಇಲ್ಲ ಫ್ರಿಜಿಯನ್ ಡಾಮಿನೆಂಟ್. ನಮ್ಮ ಲೆಕ್ಕದಲ್ಲಿ ಹನುಮತೋಡಿ, ವಕುಳಾಭರಣದ ಸ್ವರಗಳು. ಸಂಗೀತ ಪಾಠಕ್ಕೆ ಹೋದವರ ಕಿವಿ ಥಟ್ಟನೆ ಹಿಡಿಯುತ್ತೆ. 2000ದ ಆಚೆಯ ಸೈಟ್ರಾನ್ಸ್‌ನಲ್ಲಿ ಮೆಲಡಿ ಹಿಂದೆ ಸರಿದು, ಕಿಕ್-ಬೇಸಿನ ಎಂಜಿನ್ನು, ತುಂಡು ತುಂಡು ಎಫ್‌ಎಂ ಸಿಂಥ್ ಸದ್ದುಗಳು ಮುಂದೆ ಬಂದ್ವು. ಆದ್ದರಿಂದ ಹಳೇ ಹೆಸರು ಅಲ್ಲ, ತಾಯಿ. ಬೇರೆ ಫೋಲ್ಡರ್ ಕೊಡಿ. ಹೆಸರು ಗೋವಾದ್ದಾದ್ರೂ ರೆಕಾರ್ಡ್ ಹೊರತಂದದ್ದು ಹೆಚ್ಚಾಗಿ ಲಂಡನ್‌ನ ಡ್ರಾಗನ್‌ಫ್ಲೈ, ಟಿಪ್ ಥರದ ಲೇಬಲ್‌ಗಳು, ಅದು ಬೇರೆ ವಿಚಾರ.

ವಾಸ್ಕೋ ವೂಫರ್:

ವಂಶಾವಳಿ ಬರಕೋತ ಕುಂತ್ರ ಹತ್ತು ಹೊಡೀತದ್ರಿ, ಸೌಂಡ್ ಬಂದ್ ಆಗ್ತದ.

ಜಾನರ್ ಕಾಲಂ ಮ್ಯಾಲೆ ಭಾರ ಹಾಕಬ್ಯಾಡ್ರಿ. ಎಂಪಿ3 ಟ್ಯಾಗಿನ ಹಳೇ ಪಟ್ಟಿಯೊಳಗ ಟ್ರಾನ್ಸ್ ನಂಬರ್ 31, ಸೈಕೆಡೆಲಿಕ್ 67, ಗೋವಾ 126. ಸೈಟ್ರಾನ್ಸ್ ಅಂತ ಹೆಸರೇ ಇದ್ದಿಲ್ಲ. ಹಂಗಾಗಿ ಕೈಗೆ ಸಿಕ್ಕದ್ದು ಹಚ್ಚ್ಯಾರ. ಟ್ರ್ಯಾಕ್ ಮಾರೂ ಬೀಟ್‌ಪೋರ್ಟ್ ಸೈಟಿನ್ಯಾಗ ಸೈಟ್ರಾನ್ಸ್ ಬ್ಯಾರೆ ಖಾನೆ, ಉಳಿದ ಟ್ರಾನ್ಸ್‌ಗೆ ‘ಮೇನ್ ಫ್ಲೋರ್’, ‘ರಾ, ಡೀಪ್, ಹಿಪ್ನಾಟಿಕ್’ ಅಂತ ಎರಡು. ಅದು ಅಂಗಡಿ ಲೆಕ್ಕ, ಮಾರಾಕ ಅನುಕೂಲ.

ಡಿಜೆ ಸಾಫ್ಟ್‌ವೇರ್ ರೆಕಾರ್ಡ್‌ಬಾಕ್ಸ್‌ನ್ಯಾಗ ಮೈ ಟ್ಯಾಗ್ ಅದ ನೋಡ್ರಿ, ನಾಲ್ಕು ಖಾನೆ, ಹೆಸರು ನಮಗ ಬೇಕಾದಂಗ ಬದಲಿಸಬಹುದು. ಒಂದಕ್ಕ ‘ಬೇಸ್ ನಡೆ’ ಇಡ್ರಿ: ಆಫ್‌ಬೀಟ್, ಮೂರು ನೋಟು, ಟ್ರಿಪ್ಲೆಟ್ (ಬೀಟಿಗೆ ಮೂರು ಸಮ ಪಾಲು). ಇನ್ನೊಂದಕ್ಕ ‘ಮೂಲ ಸ್ವರ’: ನಿಂತದ್ದು, ಓಡೂದು. ಮೂರನೇದಕ್ಕ ‘ಹೊತ್ತು’: ಬಿಸಿಲು, ಮುಳುಗು, ಕತ್ತಲಿ. ನಾಲ್ಕನೇದು ಬೇಕಂದ್ರ ಕಾಲ ಬರೀರಿ, ಡೊಂಬಿವಲಿ ಅಣ್ಣಾರ ಗೋವಾ ಟ್ರಾನ್ಸ್ ಅಲ್ಲಿ ಕುಂದರ್ತದ. ಜಾನರ್ ಹೆಸರು ಹುಡುಕೂದೇ ಬ್ಯಾಡ, ಈ ಟ್ಯಾಗ್ ಫಿಲ್ಟರ್ ಒತ್ತಿದ್ರ ಸಾಕು. ಹಂಗ ಮೂರೂವರೆ ನಿಮಿಷದ ರೇಡಿಯೋ ಎಡಿಟ್ ಇದ್ರ ತಗದ್ ಒಗೀರಿ, ದಾಟಾಕ ಜಾಗಾನೇ ಇರೂದಿಲ್ಲ.

ಹಿಂಜವಡಿ_ಹೆಡ್‌ಫೋನ್:

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಿಕ್ಕು ಉಳೀತು. ಟ್ರ್ಯಾಕ್ 138, ಮೂರು ನೋಟಿನ ಬೇಸ್, ಮೂಲ ಸ್ವರ ನಿಂತಿದೆ. ಆದ್ರೆ ನಡುವೆ ಹೆಚ್ಚುಕಮ್ಮಿ ಒಂದು ನಿಮಿಷ ಕಿಕ್ ಇಲ್ಲದ ಬ್ರೇಕ್‌ಡೌನ್, ಅದರಲ್ಲಿ ಸೂಪರ್‌ಸಾ ಕಾರ್ಡುಗಳು. ಇದು ಯಾವ ಕಡೆ?

ಮಾಪುಸಾ ಮಿಕ್ಸರ್:

ಸೂಪರ್‌ಸಾ ಒಂದು ಉಪಕರಣದ ಸದ್ದು ಅಷ್ಟೇ, ರೋಲ್ಯಾಂಡ್ ಜೆಪಿ-8000 ತಂದಿದ್ದು, ಏಳು ಸಾ (ಗರಗಸದ ಹಲ್ಲಿನ ಆಕಾರದ) ತರಂಗಗಳನ್ನ ಸ್ವಲ್ಪ ಸ್ವಲ್ಪ ಅಪಶ್ರುತಿ ಮಾಡಿ ಪೇರಿಸಿರೋದು. ಅದು ಬಂದ ತಕ್ಷಣ ಜಾನರ್ ಬದಲಾಗಲ್ಲ. 138ರಲ್ಲಿ 32 ಬಾರ್ ಅಂದ್ರೆ 56 ಸೆಕೆಂಡ್, ನೀವು ಹೇಳ್ತಿರೋದು ಅಷ್ಟೇ ಉದ್ದ. ಬ್ರೇಕ್‌ಡೌನ್ ಮುಗಿದು ಡ್ರಾಪ್ ಆದಮೇಲೆ (ಕಿಕ್ಕು ಬೇಸು ವಾಪಸ್ ಬಂದಮೇಲೆ) ಬೇಸ್ ಆ ಕಾರ್ಡುಗಳ ಹಿಂದೆ ಹೋಗುತ್ತಾ, ತನ್ನ ಜಾಗಕ್ಕೆ ವಾಪಸ್ ಬರುತ್ತಾ ನೋಡಿ. ವಾಪಸ್ ಬಂದ್ರೆ ಸೈ.

ಡೊಂಬಿವಲಿ 303:

ಇದನ್ನ ನಾನು ಒಪ್ಪಲ್ಲ. ಒಂದು ನಿಮಿಷ ಕಿಕ್ ನಿಲ್ಲಿಸಿ ಜನರ ಕೈ ಮೇಲೆತ್ತಿಸೋದೇ ಆ ಟ್ರ್ಯಾಕಿನ ಗುರಿ, ಉಳಿದಿದ್ದೆಲ್ಲ ಅಲ್ಲಿಗೆ ಹತ್ತೋ ಮೆಟ್ಟಿಲು. ಸೈ ಬೇಸ್ ತೊಡಿಸಿದ ಅಪ್‌ಲಿಫ್ಟಿಂಗ್ ಅದು. ಸೈ ಸೆಟ್ ನಡುವೆ ಹಾಕಿದ್ರೆ ಕುಣಿಯೋರು ಆ ಒಂದು ನಿಮಿಷ ನೀರು ಕುಡಿಯೋಕೆ ಹೋಗ್ತಾರೆ.

ವಾಸ್ಕೋ ವೂಫರ್:

ಹೆಸರು ಏನರ ಇರಲಿ, ಅದನ್ನ ಸೇತುವೆ ಮಾಡ್ಕೋರಿ. 138ರಿಂದ ಸೀದಾ 145ಕ್ಕ ಜಿಗದ್ರ 5 ಪರ್ಸೆಂಟ್ ದಾಟ್ತದ. ಕೀ ಲಾಕ್ (ವೇಗ ಬದಲಾದ್ರೂ ಶ್ರುತಿ ಹಿಡಿದಿಡೂದು) ಬಿಟ್ರಿ ಅಂದ್ರ ಎಫ್ ಇದ್ದದ್ದು ಹತ್ರಹತ್ರ ಎಫ್ ಶಾರ್ಪ್ ಆಗ್ತದ. ಹಾಕಿದ್ರ ಕಿಕ್ಕಿನ ಮೊನೆ ಸವೀತದ. ಅದಕ್ಕ 138, 140, 142, 145 ಅಂತ ಏರಸ್ಕೋತ ಹೋಗ್ರಿ, ಒಂದೊಂದು ಸಲಕ್ಕ 2 ಪರ್ಸೆಂಟ್ ಆಸುಪಾಸು.

ಮೂರು ನೋಟಿನ ಎರಡು ಬೇಸ್ ಯಾವತ್ತೂ ಕೂಡಿ ಬಿಡಬ್ಯಾಡ್ರಿ. 45 ಹರ್ಟ್ಜ್ ಹತ್ರ ಅರ್ಧ ಸುತ್ತು ಅಂದ್ರ 11 ಮಿಲಿಸೆಕೆಂಡ್. ಬೀಟ್‌ಗ್ರಿಡ್ (ಬೀಟ್ ಎಲ್ಲಿ ಬೀಳ್ತದ ಅನ್ನೂ ಗುರುತು) ಅಷ್ಟು ಜರದಿದ್ರ ಎರಡೂ ಬೇಸ್ ಒಂದನ್ನೊಂದು ತಿಂದು ಹಾಕ್ತಾವ, ಸಬ್‌ವೂಫರ್ ಸುಮ್ಮ ಕುಂದರ್ತದ, ಮ್ಯಾಲಿನ ಸದ್ದು ಅಷ್ಟ ಕೇಳ್ತದ. ಬರೂ ಟ್ರ್ಯಾಕಿನ ಲೋ ನಾಬ್ (ಬೇಸಿನ ಗುಂಡಿ) ಪೂರ್ತಿ ಕೆಳಗ ಇಟ್ಟು 16 ಬಾರ್ ಓಡಸ್ರಿ, ಹೊಸ ಫ್ರೇಜಿನ ಮೊದಲ ಕಿಕ್ಕಿಗೆ ಒಂದ್ರ ಲೋ ಇಳಿಸಿ ಇನ್ನೊಂದ್ರದ್ದು ಏರಸ್ರಿ, ಎರಡೂ ಕೈ ಒಮ್ಮೆಗೇ.